ಉಕ್ಕಿನ ಹಕ್ಕಳೆಯಿಂದ ಕೆಂಪು ಹುಡಿಗೆ: ಒಂದು ಉಪೋತ್ಪನ್ನದ ಅಧ್ಯಯನ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಾವೆಲ್ಲರೂ ಬಲ್ಲ ಸಂಗತಿ. ನೇಗಿಲ ಕುಳಕ್ಕೆ ಹಿಡಿದ ತುಕ್ಕನ್ನು ರೈತನು ಕಲ್ಲಿಗೆ ಉಜ್ಜಿ ಕಳೆಯುತ್ತಾನೆ. ಬಾವಿಯ ರಾಟೆಗೆ ಹಿಡಿದ ತುಕ್ಕನ್ನು ಗೃಹಿಣಿಯು ಶಪಿಸುತ್ತಾಳೆ. ಆದರೆ ಅದೇ ತುಕ್ಕಿನ ಬಂಧುವಾದ ಕೆಂಪು ಹುಡಿಯನ್ನು ನಾವು ಹಣ ಕೊಟ್ಟು ತಂದು ಮನೆಯ ಗಾರೆ ನೆಲಕ್ಕೆ ಬಳಿದು, ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುತ್ತೇವೆ. ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಯಬಾರದೆಂದು ಮೊದಲು ಬಳಿಯುವ ಕೆಂಪು ಬಣ್ಣದಲ್ಲಿಯೂ ಇರುವುದು ಕಬ್ಬಿಣದ ಆಕ್ಸೈಡೇ. ಒಂದೇ ವಸ್ತು ಒಂದೆಡೆ ಕಸ, ಮತ್ತೊಂದೆಡೆ ಸರಕು. ಈ ಭೇದವು ವಸ್ತುವಿನಲ್ಲಿ ಇದೆಯೋ, ಅದನ್ನು ನಡೆಸಿಕೊಳ್ಳುವ ಮನುಷ್ಯನ ಶ್ರದ್ಧೆಯಲ್ಲಿ ಇದೆಯೋ ಎಂಬುದೇ ಈ ಲೇಖನದ ವಿಚಾರ. ಉಕ್ಕಿನ ಕಾರ್ಖಾನೆಗಳಲ್ಲಿ ಹುಟ್ಟುವ ಕಬ್ಬಿಣದ ಆಕ್ಸೈಡು ಬೇರೆ ಉದ್ಯಮಗಳಿಗೆ ಕಚ್ಚಾ ಸಾಮಗ್ರಿಯಾಗಿ ಒದಗುವ ಬಗೆಯನ್ನು ಇಲ್ಲಿ ಕ್ರಮವಾಗಿ ನೋಡೋಣ.

ಹಕ್ಕಳೆಯ ಹುಟ್ಟು

ಕೆಂಪಗೆ ಕಾದ ಉಕ್ಕನ್ನು ಉರುಳೆಗಳ ನಡುವೆ ಹಾಯಿಸಿ ತಗಡು ಮಾಡುವಾಗ ಗಾಳಿಯ ಆಮ್ಲಜನಕವು ಅದರ ಮೇಲ್ಮೈಯೊಡನೆ ಕೂಡಿ ಕಪ್ಪು ಹಕ್ಕಳೆಯಾಗುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಸ್ಕೇಲ್ ಎಂದು ಹೆಸರು. ಕಣ್ಣಿಗೆ ಒಂದೇ ಪದರವಾಗಿ ಕಂಡರೂ ಇದರಲ್ಲಿ ಮೂರು ಆಕ್ಸೈಡುಗಳಿವೆ: ಉಕ್ಕಿಗೆ ಅಂಟಿಕೊಂಡಂತೆ ವುಸ್ಟೈಟ್, ಅದರ ಮೇಲೆ ಮ್ಯಾಗ್ನಟೈಟ್, ಎಲ್ಲಕ್ಕಿಂತ ಹೊರಗೆ ತೆಳುವಾದ ಹೆಮಟೈಟ್. ಒಳಗಿನಿಂದ ಹೊರಗೆ ಬಂದಂತೆ ಆಮ್ಲಜನಕದ ಪಾಲು ಹೆಚ್ಚುತ್ತದೆ.

ಉರುಳೆಯ ಬಳಿಯಲ್ಲಿ ರಭಸದ ನೀರು ಬಡಿದು ಉದುರಿದ ದಪ್ಪ ಹಕ್ಕಳೆಯು ಒಂದು ಬಗೆಯ ಉಪೋತ್ಪನ್ನ. ಅದರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕಬ್ಬಿಣವಿರುತ್ತದೆ. ಆದರೆ ಯಂತ್ರದ ಎಣ್ಣೆಯೂ ನೀರೂ ಅದರೊಡನೆ ಬೆರೆತಿರುತ್ತವೆ. ಅದರ ಬಹುಭಾಗ ಅದಿರಿನ ಹುಡಿಯೊಡನೆ ಬೆರೆತು ಮತ್ತೆ ಊದುಕುಲುಮೆಗೆ ಹೋಗುತ್ತದೆ. ಸ್ವಲ್ಪ ಭಾಗ ಸಿಮೆಂಟಿನ ಗೂಡಿಗೆ, ಕಬ್ಬಿಣದ ಅಂಶ ಸರಿತೂಗಿಸಲು ಸಲ್ಲುತ್ತದೆ.

ಉರುಳೆ ದಾಟಿದ ಮೇಲೂ ತಗಡಿಗೆ ಬಿಗಿಯಾಗಿ ಅಂಟಿ ಉಳಿದ ತೆಳು ಪದರದ್ದೇ ನಮ್ಮ ಕಥೆ. ಅದರ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸು. ಅಷ್ಟು ತೆಳುವಾದರೂ ಅದನ್ನು ಕಳೆಯದೆ ತಗಡನ್ನು ತಣ್ಣಗೆ ಉರುಳಿಸುವಂತಿಲ್ಲ, ಸತುವು ಲೇಪಿಸುವಂತಿಲ್ಲ. ಆದ್ದರಿಂದ ತಗಡಿಗೆ ಆಮ್ಲಸ್ನಾನ ಮಾಡಿಸುತ್ತಾರೆ. ಇದನ್ನೇ ಪಿಕ್ಲಿಂಗ್ ಎನ್ನುವುದು.

ಎರಡು ಆಮ್ಲಗಳು, ಎರಡು ದಾರಿಗಳು

ಮೊದಲು ಈ ಸ್ನಾನಕ್ಕೆ ಗಂಧಕಾಮ್ಲವೇ ಬಳಕೆಯಲ್ಲಿತ್ತು. ಅದರಲ್ಲಿ ಕರಗಿದ ಕಬ್ಬಿಣವು ತಣಿದಾಗ ಹಸಿರು ಹರಳುಗಳಾಗಿ ಬೇರ್ಪಡುತ್ತದೆ. ಆ ಹರಳು ನಮಗೆ ಹೊಸದಲ್ಲ. ಗ್ರಂಥಿಗೆ ಅಂಗಡಿಯ ಅನ್ನಭೇದಿಯೇ ಅದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಕಪ್ಪು ಮಸಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಅನ್ನಭೇದಿಯನ್ನು ಹೆಚ್ಚಿನ ಉಷ್ಣದಲ್ಲಿ ಸುಟ್ಟರೆ ಉಳಿಯುವುದು ಕೆಂಪು ಹುಡಿ. ಬಣ್ಣಕ್ಕೂ, ಗಾಜು ಮತ್ತು ಒಡವೆಗಳ ಹೊಳಪಿಗೂ ಅದು ಬಹುಕಾಲದಿಂದ ಸಲ್ಲುತ್ತ ಬಂದಿದೆ.

1960ರ ದಶಕದಿಂದೀಚೆಗೆ ದೊಡ್ಡ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಿರುಗಿದವು. ಅದು ಹಕ್ಕಳೆಯನ್ನು ಬೇಗ ಕರಗಿಸುತ್ತದೆ, ತಗಡನ್ನು ಹೆಚ್ಚು ಬೆಳಗುತ್ತದೆ. ಅದಕ್ಕಿಂತ ದೊಡ್ಡ ಗುಣವೆಂದರೆ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿ ಪಡೆಯಬಹುದು. ಬಳಸಿದ ಆಮ್ಲದಲ್ಲಿ ಕಬ್ಬಿಣವು ಫೆರಸ್ ಕ್ಲೋರೈಡ್ ಆಗಿ ಕರಗಿರುತ್ತದೆ. ಈ ದ್ರವವನ್ನು ಮೊದಲು ಬಿಸಿ ಅನಿಲದಿಂದ ಗಟ್ಟಿಗೊಳಿಸಿ, ಬಳಿಕ ಎತ್ತರದ ಕುಲುಮೆಯ ನೆತ್ತಿಯಿಂದ ಸಣ್ಣ ಹನಿಗಳಾಗಿ ಸಿಂಪಡಿಸುತ್ತಾರೆ. ಆಸ್ಟ್ರಿಯದ ರೂಥ್ನರ್ ಹೆಸರಿನಿಂದ ಪ್ರಸಿದ್ಧವಾದ ವಿಧಾನವಿದು. ಕೆಳಗೆ ಬೀಳುವ ದಾರಿಯಲ್ಲಿಯೇ ಹನಿಯು ಒಣಗಿ, ನೀರಾವಿ ಮತ್ತು ಆಮ್ಲಜನಕಗಳೊಡನೆ ವರ್ತಿಸಿ, ಫೆರಿಕ್ ಆಕ್ಸೈಡಾಗಿ ಮಾರ್ಪಡುತ್ತದೆ. ಬಿಡುಗಡೆಯಾದ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ನೀರು ಹೀರಿಕೊಂಡಾಗ ಮತ್ತೆ ನೂರಕ್ಕೆ ಸುಮಾರು 18 ಪಾಲಿನ ಆಮ್ಲ ಸಿದ್ಧ. ಆಮ್ಲ ತೊಟ್ಟಿಗೆ ಮರಳುತ್ತದೆ. ಕುಲುಮೆಯ ತಳದಲ್ಲಿ ಕೆಂಪು ಹುಡಿ ಉಳಿಯುತ್ತದೆ.

ಇದೇ ಕೆಲಸವನ್ನು ಕಣಗಳ ತೇಲುಹಾಸಿನ ಕುಲುಮೆಯಲ್ಲಿಯೂ ಮಾಡುವುದುಂಟು. ಅಲ್ಲಿ ದೊರೆಯುವುದು ಭಾರವಾದ ಗಟ್ಟಿ ಕಾಳು. ಅದು ಧೂಳೇಳದು, ಸಾಗಿಸಲು ಸುಲಭ; ಆದರೆ ಹನಿ ಸಿಂಪಡಿಸಿ ಪಡೆದ ನುಣುಪು ಹುಡಿಯಷ್ಟು ಚುರುಕಾಗಿ ಬೇರೆ ವಸ್ತುಗಳೊಡನೆ ಕೂಡದು.

ಒಂದು ಲೆಕ್ಕ

ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವೊಂದಿದೆ. ಆಮ್ಲಸ್ನಾನದಲ್ಲಿ ಒಂದು ಟನ್ ತಗಡಿನಿಂದ ಸುಮಾರು ನಾಲ್ಕು ಕಿಲೋ ಕಬ್ಬಿಣ ಕರಗುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಹತ್ತು ಲಕ್ಷ ಟನ್ ತಗಡು ತೊಳೆಯುವ ಕಾರ್ಖಾನೆಯಲ್ಲಿ ಕರಗುವ ಕಬ್ಬಿಣ 4,000 ಟನ್. ಕಬ್ಬಿಣದ ಪರಮಾಣು ತೂಕ 56, ಆಮ್ಲಜನಕದ್ದು 16. ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ ಸೇರಿ ಫೆರಿಕ್ ಆಕ್ಸೈಡ್ ಆಗುವುದರಿಂದ, 112 ಭಾಗ ಕಬ್ಬಿಣ 160 ಭಾಗ ಆಕ್ಸೈಡನ್ನು ಕೊಡುತ್ತದೆ. ಅಂದರೆ 4,000 ಟನ್ನಿಗೆ ಸುಮಾರು 5,700 ಟನ್ ಕೆಂಪು ಹುಡಿ. ಇದರೊಡನೆ ಮರಳಿ ದೊರೆಯುವ ಹೈಡ್ರೋಜನ್ ಕ್ಲೋರೈಡ್ ಸುಮಾರು 5,200 ಟನ್. 18 ಪಾಲಿನ ಆಮ್ಲವಾಗಿ ಎಣಿಸಿದರೆ ಸುಮಾರು 29,000 ಟನ್.

ಈ ಲೆಕ್ಕದಿಂದ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿಕೊಳ್ಳಬೇಕು. ಈ ಹುಡಿಯನ್ನು ಉಳಿಸಿದ್ದರಿಂದ ಗಣಿಯ ಅದಿರು ಬಹಳ ಉಳಿಯಿತೆಂದು ಹೇಳುವಂತಿಲ್ಲ. ಹತ್ತು ಲಕ್ಷ ಟನ್ ಉಕ್ಕಿಗೆ ಹದಿನೈದು ಲಕ್ಷ ಟನ್ನಿಗೂ ಮೀರಿ ಅದಿರು ಬೇಕು. ಅದರ ಮುಂದೆ 5,700 ಟನ್ ಅಲ್ಪವೇ ಸರಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ತಡೆಯಬೇಕಾಗಿ ಬಂದ ದುರವಸ್ಥೆಗೆ ಇದು ಮದ್ದಲ್ಲ. ನಿಜವಾದ ಲಾಭ ಬೇರೆಯದು. ಆ 29,000 ಟನ್ ಆಮ್ಲವನ್ನು ಮರಳಿ ಪಡೆಯದಿದ್ದರೆ ಸುಣ್ಣ ಹಾಕಿ ಶಮನಗೊಳಿಸಬೇಕು. ಆಗ ಉಳಿಯುವುದು ಯಾರಿಗೂ ಬೇಡದ ರಾಡಿ ಮತ್ತು ಉಪ್ಪುನೀರು. ಅಷ್ಟನ್ನೂ ಮಾಡದೆ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಊರಿನ ಬಾವಿ, ಕೆರೆ, ಹೊಲಗಳ ಗತಿಯನ್ನು ವಿವರಿಸಬೇಕಿಲ್ಲ. ಕೆಂಪು ಹುಡಿಯ ಮಾರಾಟವು ಆಮ್ಲವನ್ನು ಮರಳಿ ಪಡೆಯುವ ವೆಚ್ಚದ ಒಂದು ಪಾಲನ್ನು ತುಂಬಿಕೊಡುತ್ತದೆ. ಹುಡಿಗೆ ಬೆಲೆಯಿದ್ದಾಗ ಹಳ್ಳದ ನೀರಿಗೆ ರಕ್ಷಣೆಯಿದೆ.

ಹುಡಿಯ ಗಿರಾಕಿಗಳು

ಈ ಹುಡಿಯ ಮುಖ್ಯ ಗಿರಾಕಿ ಫೆರೈಟ್ ಉದ್ಯಮ. ಜಪಾನಿನ ಟೋಕಿಯೋ ತಾಂತ್ರಿಕ ವಿದ್ಯಾಲಯದಲ್ಲಿ ಯೋಗೊರೊ ಕಾಟೊ ಮತ್ತು ತಾಕೆಷಿ ತಾಕೆಯಿ ಎಂಬವರು 1930ರಲ್ಲಿ ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹದ ಆಕ್ಸೈಡನ್ನು ಕೂಡಿಸಿ ಸುಟ್ಟು ಕಾಂತಗುಣದ ಪಿಂಗಾಣಿಯನ್ನು ಪಡೆದರು. ಅದನ್ನು ಮಾರುಕಟ್ಟೆಗೆ ತರಲೆಂದೇ 1935ರಲ್ಲಿ ಟಿ.ಡಿ.ಕೆ. ಸಂಸ್ಥೆ ಹುಟ್ಟಿತು. ಇಂದು ಫೆರೈಟಿನಲ್ಲಿ ಎರಡು ಬಗೆ. ಸ್ಟ್ರಾಂಷಿಯಂ ಕೂಡಿದ ಗಡಸು ಫೆರೈಟ್ ಸ್ಥಿರ ಕಾಂತವಾಗಿ ಧ್ವನಿವರ್ಧಕದಲ್ಲಿಯೂ ಸಣ್ಣ ಮೋಟಾರುಗಳಲ್ಲಿಯೂ ಇರುತ್ತದೆ. ಮ್ಯಾಂಗನೀಸ್ ಮತ್ತು ಸತುವು ಕೂಡಿದ ಮೃದು ಫೆರೈಟ್, ದೂರವಾಣಿಗೆ ವಿದ್ಯುತ್ತು ತುಂಬುವ ಚಾರ್ಜರಿನ ಪರಿವರ್ತಕದ ತಿರುಳು. ಈ ಮೃದು ಫೆರೈಟಿನ ತೂಕದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಫೆರಿಕ್ ಆಕ್ಸೈಡೇ.

ಎರಡನೆಯ ಗಿರಾಕಿ ಬಣ್ಣದ ಉದ್ಯಮ. ಅಲ್ಲಿ ಕಣದ ಗಾತ್ರವೇ ಬಣ್ಣದ ಛಾಯೆಯನ್ನು ನಿರ್ಧರಿಸುತ್ತದೆ. ಅತಿ ಸಣ್ಣ ಕಣಗಳು ಹಳದಿ ಬೆರೆತ ಕೆಂಪನ್ನೂ, ದಪ್ಪ ಕಣಗಳು ನೇರಳೆಗೆ ವಾಲಿದ ಕೆಂಪನ್ನೂ ತೋರುತ್ತವೆ. ಇವಲ್ಲದೆ ಹೊಳಪುಹುಡಿ, ವೇಗವರ್ಧಕ ಮೊದಲಾದ ಸಣ್ಣಪುಟ್ಟ ಉಪಯೋಗಗಳೂ ಉಂಟು.

ಶುದ್ಧತೆಯ ಪ್ರಶ್ನೆ

ಇಲ್ಲಿಯವರೆಗೆ ಎಲ್ಲವೂ ಸುಗಮವಾಗಿ ಕಂಡಿತು. ತೊಡಕಿರುವುದು ಮುಂದೆ. ಉಕ್ಕಿನ ಕಾರ್ಖಾನೆಯ ಗಮನವೆಲ್ಲ ತಗಡಿನ ಮೇಲೆ. ಹುಡಿ ಅದಕ್ಕೆ ತಾನಾಗಿ ಬಂದದ್ದು. ಫೆರೈಟ್ ಕಾರ್ಖಾನೆಗಾದರೋ ಆ ಹುಡಿಯೇ ಸರ್ವಸ್ವ. ಉಕ್ಕಿನಲ್ಲಿದ್ದ ಸಿಲಿಕಾನ್ ಆಮ್ಲದೊಳಗೆ ಸೇರಿ ಹುಡಿಯಲ್ಲಿ ಸಿಲಿಕವಾಗಿ ಉಳಿಯುತ್ತದೆ. ಉತ್ತಮ ಮೃದು ಫೆರೈಟಿಗೆ ಬೇಕಾದ ಹುಡಿಯಲ್ಲಿ ಈ ಸಿಲಿಕ ಲಕ್ಷಕ್ಕೆ ಹತ್ತು ಭಾಗದ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಮೀರಿದರೆ ಕುಲುಮೆಯಲ್ಲಿ ಕೆಲವು ಹರಳುಗಳು ಅಡ್ಡಾದಿಡ್ಡಿಯಾಗಿ ಬೆಳೆದು ಕಾಂತಗುಣ ಕೆಡುತ್ತದೆ. ದೋಷ ಗೊತ್ತಾಗುವುದು ಹುಡಿಯನ್ನು ಬೆರೆಸಿ, ಅರೆದು, ಅಚ್ಚೊತ್ತಿ, ಸುಟ್ಟ ಮೇಲೆ. ಅಷ್ಟರಲ್ಲಿ ಸಣ್ಣ ಕಾರ್ಖಾನೆಯೊಂದರ ಹಲವು ದಿನಗಳ ಕೂಲಿ, ವಿದ್ಯುತ್ತು, ಸರಕು ಎಲ್ಲವೂ ವ್ಯರ್ಥ. ಇದಕ್ಕೆ ಪರಿಹಾರ ಹುಡಿಯಲ್ಲಿಲ್ಲ, ದ್ರವದಲ್ಲಿದೆ. ಸಿಂಪಡಿಸುವ ಮೊದಲೇ ಬಳಸಿದ ಆಮ್ಲವನ್ನು ಶೋಧಿಸಿ ಸಿಲಿಕವನ್ನು ಬೇರ್ಪಡಿಸಬೇಕು. ಹಾಗೆ ಮಾಡುವ ಕಾರ್ಖಾನೆಯ ಹುಡಿಗೆ ಹೆಚ್ಚಿನ ಬೆಲೆ ನ್ಯಾಯವಾಗಿಯೇ ಸಲ್ಲುತ್ತದೆ.

ಎರಡನೆಯ ಕಲ್ಮಶ ಉಳಿಕೆಯ ಕ್ಲೋರೈಡ್. ಸಾವಿರಕ್ಕೆ ಒಂದೆರಡು ಭಾಗವಿದ್ದರೂ ಅದು ಸುಡುವಾಗ ಆಮ್ಲದ ಹೊಗೆಯಾಗಿ ಹೊರಬಿದ್ದು ಗಿರಾಕಿಯ ಕುಲುಮೆಯನ್ನು ತಿನ್ನುತ್ತದೆ. ಇಂಥ ಹುಡಿಯನ್ನು ತೊಳೆಯದೆ, ಪರೀಕ್ಷಿಸದೆ ಕಂಬಿ ಹಾಕಿದ ಕಾಂಕ್ರೀಟಿಗೆ ಬಣ್ಣವೆಂದು ಬೆರೆಸುವುದು ಸಲ್ಲದು. ಕ್ಲೋರೈಡು ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿನಿಂದ ಹುಟ್ಟಿದ ಹುಡಿ ಮತ್ತೆ ತುಕ್ಕನ್ನೇ ಹುಟ್ಟಿಸಿದಂತಾಗುತ್ತದೆ.

ಮೂರನೆಯದು ಮನುಷ್ಯನ ಪ್ರಶ್ನೆ. ಈ ಹುಡಿ ಬಲು ಹಗುರ, ಬಲು ನುಣುಪು. ಚೀಲ ತುಂಬುವಾಗ ಮೋಡದಂತೆ ಏಳುತ್ತದೆ. ಅದರಲ್ಲಿ ಉಳಿದ ಆಮ್ಲದ ಅಂಶ ಕಣ್ಣು ಗಂಟಲುಗಳನ್ನು ಕೆರಳಿಸುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಕಬ್ಬಿಣದ ಧೂಳು ಶ್ವಾಸಕೋಶದಲ್ಲಿ ನೆಲೆಸುತ್ತದೆ. ಮುಚ್ಚಿದ ಕೊಳವೆ, ಧೂಳು ಹೀರುವ ಯಂತ್ರ, ಮುಖಕವಚಗಳಿಲ್ಲದೆ ಕೂಲಿಯವನನ್ನು ಅಲ್ಲಿ ನಿಲ್ಲಿಸುವುದು ಅಧರ್ಮ. ಬಳಸಿದ ಆಮ್ಲವನ್ನು ಸಾಗಿಸುವುದಕ್ಕೂ ಅಪಾಯಕಾರಿ ತ್ಯಾಜ್ಯವನ್ನು ಬೇರೆಡೆ ಸಂಪನ್ಮೂಲವಾಗಿ ಬಳಸುವುದಕ್ಕೂ 2016ರ ಕೇಂದ್ರ ನಿಯಮಗಳಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಆದರೆ ನಿಯಮವು ಎಚ್ಚರಿಸಬಲ್ಲದು, ಎಚ್ಚರವಾಗಿ ಇರಬೇಕಾದವನು ಮನುಷ್ಯನೇ.

ನಮ್ಮ ನಾಡಿನ ಪರಂಪರೆ

ಉಪೋತ್ಪನ್ನವನ್ನು ಗೌರವಿಸುವುದು ಕನ್ನಡ ನಾಡಿಗೆ ಹೊಸ ಪಾಠವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಭದ್ರಾವತಿಯಲ್ಲಿ ಎದ್ದು 1923ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆಗೆ ಇದ್ದಿಲೇ ಇಂಧನವಾಗಿತ್ತು. ಮಲೆನಾಡಿನ ಸೌದೆಯನ್ನು ಬರಿದೆ ಸುಡದೆ, ಬಟ್ಟಿಯಿಳಿಸಿ ಇದ್ದಿಲಿನೊಡನೆ ಮರದ ಮದ್ಯಸಾರ, ಅಸಿಟೇಟು, ಟಾರುಗಳನ್ನೂ ಪಡೆಯುವ ಏರ್ಪಾಡು ಆರಂಭದಿಂದಲೇ ಅಲ್ಲಿತ್ತು. 1971ರಲ್ಲಿ ಶಂಕುಸ್ಥಾಪನೆಯನ್ನು ಕಂಡ ಬಳ್ಳಾರಿ ಸೀಮೆಯ ತೋರಣಗಲ್ಲು ಇಂದು ದೇಶದ ದೊಡ್ಡ ಉಕ್ಕಿನ ನೆಲೆಗಳಲ್ಲಿ ಒಂದಾಗಿದೆ. ಅದಿರು ಅಗೆಯುವ ನಾಡಿನ ಮಕ್ಕಳು ಅಗೆಯುವುದನ್ನಷ್ಟೇ ಅಲ್ಲ, ಉಳಿದದ್ದನ್ನು ಉಪಯೋಗಿಸುವುದನ್ನೂ ಕಲಿಯಬೇಕಾದ ಕಾಲವಿದು.

ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದ ಆಯ್ದಕ್ಕಿ ಮಾರಯ್ಯ ದಂಪತಿಗಳ ನೆನಪಾಗುತ್ತದೆ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯುವುದೇ ಮಾರಯ್ಯನವರ ಕಾಯಕ. ಅದರಿಂದಲೇ ಅವರ ದಾಸೋಹ. ಒಮ್ಮೆ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿಸಿ ಬರುವಂತೆ ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಕಥೆಯಲ್ಲಿ ಎರಡು ಮಾತುಗಳಿವೆ. ಚೆಲ್ಲಿದ್ದನ್ನು ಆಯುವ ಕೆಲಸ ಕೀಳಲ್ಲ ಎಂಬುದು ಒಂದು. ಆಯ್ದದ್ದರಲ್ಲಿ ಕಲ್ಲು ಹೊಟ್ಟುಗಳಿರಬಾರದು, ಸಲ್ಲದ್ದು ಮನೆಗೆ ಬರಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ನಮ್ಮ ಉದ್ಯಮಗಳು ಲಾಭದ ಭಾಷೆಯಲ್ಲಿ ಬೇಗ ಕಲಿಯುತ್ತವೆ. ಎರಡನೆಯದು ಕಠಿಣ. ಉಪೋತ್ಪನ್ನವೆಂಬ ನೆಪದಲ್ಲಿ ಚೀಲದ ಮೇಲೆ ಒಂದು ಬರೆದು ಒಳಗೆ ಮತ್ತೊಂದನ್ನು ತುಂಬಿದರೆ, ಅದು ಕಸವನ್ನು ಸರಕು ಮಾಡಿದಂತಲ್ಲ. ನಮ್ಮ ಕಸವನ್ನು ನೆರೆಯವನ ಅಂಗಳಕ್ಕೆ ದೂಡಿದಂತೆ.

ನಮ್ಮ ಶಾಲೆಯ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಆಕ್ಸೈಡಿನ ಪಾಠ ಬಂದಾಗ ಕಮ್ಮಾರನ ಅಡಿಗಲ್ಲಿನ ಬಳಿ ಉದುರಿದ ಹಕ್ಕಳೆಯನ್ನು ಒಂದು ಹಿಡಿ ತರಿಸಿರಿ. ಅದಕ್ಕೆ ಕಾಂತವನ್ನು ಹಿಡಿದು ತೋರಿಸಿರಿ. ಮೇಲಿನ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿರಿ. ಶಾಲೆಯ ಪ್ರಯೋಗಾಲಯಕ್ಕೆ ನೆರವಾದ ದಾನಿಗಳ ಹಣ ಸಾರ್ಥಕವಾಗುವುದು ಕಪಾಟಿನ ಗಾಜಿನ ಪಾತ್ರೆಗಳಿಂದಲ್ಲ, ಇಂಥ ಒಂದು ಗಳಿಗೆಯಿಂದ. ಇಂದು ಅದನ್ನು ಕಂಡ ಹುಡುಗನೋ ಹುಡುಗಿಯೋ ನಾಳೆ ಯಾವುದೋ ಕಾರ್ಖಾನೆಯಲ್ಲಿ ಪರೀಕ್ಷಾ ಪತ್ರಕ್ಕೆ ಸಹಿ ಹಾಕುವ ಸ್ಥಾನದಲ್ಲಿ ನಿಲ್ಲಬಹುದು. ಆಗ ಆ ಸಹಿ ಸತ್ಯವಾಗಿರಲಿ. ಅದರಿಂದ ಕೆಳಗಿನ ಊರಿನ ಹಳ್ಳವೂ, ಹುಡಿಯನ್ನು ನಂಬಿದ ಸಣ್ಣ ಉದ್ಯಮಿಯೂ, ಚೀಲ ತುಂಬುವ ಕೂಲಿಯವನೂ ಸುಖವಾಗಿರಲಿ ಎಂದು ಹಾರೈಸೋಣ. ಕಾಯಕ ತತ್ವಕ್ಕೆ ನಾವು ಸಲ್ಲಿಸಬಹುದಾದ ಸೇವೆ ಅದೇ.