ಶಂಕರಪುರಂನ ಕಾಫಿ, ನಿಮ್ಮ ಬಟವಾಡೆ, ಮೂರನೇ ಹಸು



2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತಲ್ಲ, ಅದಾದ ಕೆಲವು ತಿಂಗಳಿಗೆ ಕನಕಪುರ ಕಡೆಯ ಒಂದು ಸಂಘಕ್ಕೆ ಬರಡು ರಾಸು ಶಿಬಿರಕ್ಕೆಂದು ಹೋಗಿದ್ದೆ. ಎರಡು ಸೀಮೆಹಸು ಸಾಕಿರುವ ಒಬ್ಬ ಅಕ್ಕ ಕೇಳಿದರು: "ಡಾಕ್ಟ್ರಮ್ಮ, ಪ್ಯಾಟೆಲಿ ರೇಟು ನಾಲ್ಕು ರೂಪಾಯಿ ಜಾಸ್ತಿ ಆಯ್ತು ಅಂತಾರೆ. ಬಟವಾಡೆ ದಿನ ನೋಡುದ್ರೆ ಕೈಯಲ್ಲಿ ಏನೂ ನಿಲ್ಲಲ್ಲ. ಸಾಲ ತಗೊಂಡು ಮೂರನೇದು ಕಟ್ಲಾ, ಬ್ಯಾಡ್ವಾ?"

ಹಸುವಿನ ಕಾಯಿಲೆ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಇದು ಅರ್ಥಶಾಸ್ತ್ರದ ಪ್ರಶ್ನೆ. ಹೆದರಬೇಡಿ, ಆ ಶಾಸ್ತ್ರದ ಮೊದಲ ಪಾಠಗಳೆಲ್ಲ ನಿಮ್ಮ ಕೊಟ್ಟಿಗೆಯಲ್ಲೇ ಇವೆ.

ಮೊದಲು ಹಾಲು ಕುಡಿಯುವವರ ಕಡೆಯಿಂದ ನೋಡೋಣ. ನಮ್ಮ ಮನೆ ಇರುವುದು ಬೆಂಗಳೂರಿನ ಶಂಕರಪುರಂನಲ್ಲಿ. ಬೆಳಗ್ಗೆ ಬೂತ್ ಮುಂದೆ ಸಾಲು. ನೀಲಿ ಪ್ಯಾಕೆಟ್ 42 ಇದ್ದದ್ದು 46 ಆದ ದಿನ ಎಲ್ಲರೂ ಗೊಣಗಿದರು. ಮರುದಿನವೂ ಅದೇ ಜನ, ಅದೇ ಪ್ಯಾಕೆಟ್. ನಮ್ಮತ್ತೆಯವರಂತೂ ದಿನಕ್ಕೆರಡು ಲೋಟ ಡಿಕಾಕ್ಷನ್ ಕಾಫಿಯಲ್ಲಿ ಒಂದು ಗುಟುಕೂ ಕಡಿಮೆ ಮಾಡಲಿಲ್ಲ. ಮಾವಿನಹಣ್ಣು ದುಬಾರಿಯಾದರೆ ಈ ವಾರ ಬೇಡ ಎನ್ನುತ್ತೇವೆ. ಕಾಫಿಯ ಹಾಲಿಗೆ ಹಾಗೆನ್ನಲು ಆಗದು. ಬೆಲೆ ಏರಿದರೂ ಬೇಡಿಕೆ ಹೆಚ್ಚು ಕುಗ್ಗದಿದ್ದರೆ ಅದನ್ನು ಸ್ಥಿತಿಸ್ಥಾಪಕತ್ವ ಕಡಿಮೆಯಿರುವ ಬೇಡಿಕೆ ಎನ್ನುತ್ತಾರೆ. ಬಾಯಿ ತಿರುಗದ ಪದ, ವಿಷಯ ಮಾತ್ರ ಸುಲಭ. ಆದರೆ ಪನೀರ್, ಸಿಹಿತಿಂಡಿಗೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲ. ಅವು ದುಬಾರಿಯಾದರೆ ಜನ ಕೈ ಹಿಡಿಯುತ್ತಾರೆ.

ಇನ್ನು ಪೂರೈಕೆ. ನಮ್ಮ ಮನೆಯ ಹತ್ತಿರವೇ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ. ಕಾರ್ತಿಕದ ಕಡೇ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಪರಿಷೆಯಲ್ಲಿ ಚೌಕಾಸಿ ಮಾಡಿದವರಿಗೆ ಗೊತ್ತು, ಜನ ಕಿಕ್ಕಿರಿದಾಗ ಇರುವ ಬೆಲೆ ಅಂಗಡಿ ಎತ್ತುವ ಹೊತ್ತಿಗೆ ಇರುವುದಿಲ್ಲ. ಆದರೂ ಕಡಲೆಕಾಯಿಯವನಿಗೆ ಬೆಲೆ ಒಪ್ಪದಿದ್ದರೆ ಮೂಟೆ ಕಟ್ಟಿಕೊಂಡು ವಾಪಸ್ ಹೋಗಬಹುದು. ನೀವು ಹಾಗೆ ಮಾಡಲಾರಿರಿ. ಕರೆದ ಹಾಲು ತಣ್ಣಗಾಗದಿದ್ದರೆ ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಕಾಯಲಾಗದವರು ಕೊಳ್ಳುವವನು ಹೇಳಿದ ಬೆಲೆಗೆ ಕೊಡಲೇಬೇಕು. ಸಂಘ, ಶೀತಲ ಕೇಂದ್ರ, ಡೇರಿ ಬೇಕಾದದ್ದು ಇದಕ್ಕೇ. ಬೆಂಗಳೂರಿನ ಡೇರಿ 1965ರಲ್ಲಿ ಶುರುವಾಯಿತು, ಸಹಕಾರ ಒಕ್ಕೂಟಗಳೆಲ್ಲ ಸೇರಿದ ಕರ್ನಾಟಕ ಹಾಲು ಮಹಾಮಂಡಳ 1984ರಲ್ಲಿ ಬಂತು. ಮಳೆಗಾಲದಲ್ಲಿ ಹಸಿಮೇವು ಚಿಗುರಿ ಹಾಲು ಹೆಚ್ಚಾದಾಗ ಟೊಮ್ಯಾಟೊದಂತೆ ರಸ್ತೆಗೆ ಸುರಿಯುವ ಗತಿ ಬಾರದಿರುವುದು ಹೆಚ್ಚಿದ ಹಾಲು ಪುಡಿಯಾಗುವುದರಿಂದ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳಿಗೆ ಕೊಡುವುದು ಅದೇ ಪುಡಿಯ ಹಾಲು, ಒಂದು ಮಗುವಿಗೆ 150 ಮಿ.ಲೀ. ಮಗುವಿಗೆ ಪೌಷ್ಟಿಕತೆ ಸಿಕ್ಕಿತು, ನಿಮ್ಮ ಹಾಲಿಗೆ ಸರ್ಕಾರವೇ ಒಬ್ಬ ದೊಡ್ಡ ಗಿರಾಕಿಯಾಯಿತು.

ಹಾಗಾದರೆ ಆ ಅಕ್ಕನ ನಾಲ್ಕು ರೂಪಾಯಿ ಎಲ್ಲಿ ಹೋಯಿತು? ಇಲ್ಲಿ ಬರುವುದು ಹಣದುಬ್ಬರ. ಎಲ್ಲದರ ಬೆಲೆಯೂ ಏರುತ್ತಿರುವಾಗ ಹಾಲಿನ ದರ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಹಣದುಬ್ಬರ ವರ್ಷಕ್ಕೆ ಶೇ. 4ರ ಆಸುಪಾಸಿನಲ್ಲಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಗುರಿ. ಆದರೆ ಅವರು ಅಳೆಯುವುದು ಮನೆಖರ್ಚಿನ ವಸ್ತುಗಳ ಬೆಲೆ. ನಿಮ್ಮ ಹಸು ತಿನ್ನುವುದು ಹಿಂಡಿ, ಬೂಸಾ, ಜೋಳ. ಆದ್ದರಿಂದ ನಿಮ್ಮ ಅಳತೆ ಬೇರೆಯೇ ಇರಬೇಕು. ನಾನು ಹೇಳುವ ಅಳತೆ ಇದು: 50 ಕೆ.ಜಿ.ಯ ಒಂದು ಮೂಟೆ ಪಶು ಆಹಾರ ಕೊಳ್ಳಲು ಎಷ್ಟು ಲೀಟರ್ ಹಾಲು ಹಾಕಬೇಕು?

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಉದಾಹರಣೆ. ಮೂಟೆ 1,250, ನಿಮ್ಮ ದರ 35 ಇದ್ದಾಗ ಮೂಟೆಗೆ ಸುಮಾರು 36 ಲೀಟರ್. ದರ 38ಕ್ಕೇರಿತು, ಮೂಟೆ 1,400 ಆಯಿತು ಅನ್ನಿ. ಈಗ ಸುಮಾರು 37 ಲೀಟರ್. ದರ 3 ರೂಪಾಯಿ ಏರಿಯೂ ನೀವು ಒಂದು ಲೀಟರ್ ಹಿಂದೆ ಬಿದ್ದಿರಿ! ಮೊದಲನೆಯದು ನೋಟಿನ ಬೆಲೆ, ಎರಡನೆಯದು ನೈಜ ಬೆಲೆ. ನಿಮ್ಮ ಮನೆಯ ಅಂಕಿ ಹಾಕಿ ನೋಡಿ. ನಿಮ್ಮ ದರ ಕೊಬ್ಬು ಮತ್ತು ಎಸ್‌ಎನ್‌ಎಫ್ ಮೇಲೆ ನಿಂತಿರುವುದರಿಂದ ಪಕ್ಕದ ಮನೆಯವರ ಅಂಕಿ ನಿಮಗೆ ಹೊಂದುವುದಿಲ್ಲ.

ಇನ್ನು ಆ ಮೂರನೇ ಹಸು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಹಳ ಜನ ಹಾಕುವ ಲೆಕ್ಕ ಹೀಗೆ: ಎರಡು ಹಸುವಿನಿಂದ ಇಷ್ಟು ಉಳಿಯುತ್ತದೆ, ಮೂರಾದರೆ ಅದರ ಒಂದೂವರೆ ಪಟ್ಟು. ಇದು ತಪ್ಪು. ಇನ್ನೂ ಒಂದು ಸೇರಿಸಿದರೆ ಅದರಿಂದ ಎಷ್ಟು ಹೆಚ್ಚು ಬರುತ್ತದೆ, ಎಷ್ಟು ಹೆಚ್ಚು ಹೋಗುತ್ತದೆ ಎಂದಷ್ಟೇ ನೋಡಬೇಕು. ಪುಸ್ತಕದಲ್ಲಿ ಇದಕ್ಕೆ ಸೀಮಾಂತ ಲೆಕ್ಕ ಎಂದು ಹೆಸರು. ಆ ಅಕ್ಕನ ಹೊಲದ ಮೇವು ಎರಡಕ್ಕೆ ಸರಿಯಾಗುತ್ತಿತ್ತು. ಮೂರನೆಯದಕ್ಕೆ ಒಂದೊಂದು ಹೊರೆಯನ್ನೂ ಕೊಳ್ಳಬೇಕು.

ಶಿಬಿರದ ಮೇಜಿನ ಮೇಲೆಯೇ ಇಬ್ಬರೂ ಲೆಕ್ಕ ಹಾಕಿದೆವು. ಹಸು ವರ್ಷದಲ್ಲಿ 300 ದಿನ, ಸರಾಸರಿ 8 ಲೀಟರ್. ದರ 38, ಸರ್ಕಾರದ ಪ್ರೋತ್ಸಾಹಧನ 5, ಒಟ್ಟು 43. ವರ್ಷಕ್ಕೆ 1,03,200. ಪಶು ಆಹಾರ ದೇಹಪೋಷಣೆಗೆ ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರಿಗೆ ಒಂದು ಕೆ.ಜಿ. ಎಂದರೆ ದಿನಕ್ಕೆ 4.7 ಕೆ.ಜಿ.; ಕೆ.ಜಿ.ಗೆ 28ರಂತೆ 300 ದಿನಕ್ಕೆ ಸುಮಾರು 39,500. ಹಾಲು ಬತ್ತಿದ 65 ದಿನ ದಿನಕ್ಕೆ 2 ಕೆ.ಜಿ., ಸುಮಾರು 3,600. ಕೊಂಡ ಮೇವು ದಿನಕ್ಕೆ 90ರಂತೆ ವರ್ಷಕ್ಕೆ 32,850. 80,000 ಸಾಲಕ್ಕೆ ಶೇ. 10ರ ಬಡ್ಡಿ 8,000. ವಿಮೆ, ಔಷಧಿ 5,000. ಎಲ್ಲ ಕಳೆದು ಉಳಿದದ್ದು ಸುಮಾರು 14,000, ದಿನಕ್ಕೆ 39 ರೂಪಾಯಿ. ಸಗಣಿ, ಕರು ಬೇರೆ. ಸಾಲದ ಅಸಲಿನ ಕಂತು ಇದರಲ್ಲಿ ಇನ್ನೂ ಸೇರಿಲ್ಲ. ಆ ಪ್ರೋತ್ಸಾಹಧನವೇ 12,000 ಎಂಬುದನ್ನೂ ಗಮನಿಸಿ. ಅದಿಲ್ಲದಿದ್ದರೆ ಉಳಿಯುವುದು ಬರೀ 2,000.

"ನಿಮ್ಮ ಕೂಲಿ?" ಎಂದೆ. ಅಕ್ಕ ನಕ್ಕರು. "ನನ್ಗೆ ಯಾರ್ ಕೂಲಿ ಕೊಡ್ತಾರೆ?"

ಸಹೋದರಿಯರೇ, ನಮ್ಮ ಯಾವ ಲೆಕ್ಕದಲ್ಲೂ ಬರೆಯದೆ ಬಿಟ್ಟುಹೋಗುವುದು ಇದೊಂದೇ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟದ್ದು ಏನೋ ಅದೇ ಅದರ ನಿಜವಾದ ಬೆಲೆ. ಅವಕಾಶ ವೆಚ್ಚ ಎಂದರೆ ಇದು. ಮೂರನೇ ಹಸುವಿಗೆ ದಿನಕ್ಕೆ 2 ಗಂಟೆ ಬೇಕು. ನಮ್ಮ ರಾಜ್ಯದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370. ಎಂಟು ಗಂಟೆಗೆ ಭಾಗಿಸಿದರೆ 2 ಗಂಟೆಗೆ 92 ರೂಪಾಯಿ. ಹಸು ಕೊಡುವುದು 39. ಬೆಳಗಿನ ಜಾವ 5 ಗಂಟೆಗೆ ಯಾರೂ ಕೂಲಿಗೆ ಕರೆಯುವುದಿಲ್ಲ ನಿಜ, ಆ ಹೊತ್ತಿಗೆ ಪೂರ್ತಿ ಕೂಲಿ ಹಿಡಿಯುವುದು ನ್ಯಾಯವಲ್ಲ. ಆದರೆ ಆ ಹೊತ್ತು ನಿಮ್ಮ ನಿದ್ದೆ, ನಿಮ್ಮ ಸೊಂಟ. ಅದಕ್ಕೆ ಸೊನ್ನೆ ಬರೆಯುವುದಂತೂ ಸರಿಯಲ್ಲ.

ನನ್ನ ವೃತ್ತಿಯ ಮಾತೊಂದು. ಬೆದೆ ಒಂದು ಸಲ ತಪ್ಪಿದರೆ ಮತ್ತೆ 21 ದಿನ. ಬತ್ತಿದ ಹಸುವಿಗೆ ಮೇಲಿನ ಲೆಕ್ಕದಂತೆ ದಿನಕ್ಕೆ 146ರ ಮೇವು, ಆಹಾರ. ಒಂದು ಬೆದೆ ತಪ್ಪಿದರೆ ಸುಮಾರು 3,000 ಹೋಯಿತು, ಉಳಿಯುವ 14,000ದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಿ ಎಂದು ಪದೇ ಪದೇ ಹೇಳುವುದು ಇದಕ್ಕೇ.

ಹಾಗೆಯೇ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆರು ಸಲ ಗರ್ಭಧಾರಣೆ ಮಾಡಿಸಿಯೂ ಗಬ್ಬ ನಿಲ್ಲದ ಒಂದು ಹಸುವಿಗೆ "ಇಷ್ಟು ಖರ್ಚಾಗಿದೆಯಲ್ಲ, ಇನ್ನೊಂದು ಸಲ ನೋಡೋಣ" ಎಂದಿದ್ದೆ. ಆಗಿಹೋದ ಖರ್ಚು ಏನು ಮಾಡಿದರೂ ವಾಪಸ್ ಬರುವುದಿಲ್ಲ. ಇನ್ನು ಮುಂದೆ ಎಷ್ಟು ಹಾಕಬೇಕು, ಎಷ್ಟು ಬರಬಹುದು ಎಂದು ಮಾತ್ರ ಕೇಳಬೇಕಿತ್ತು. ಏಳನೇ ಸಲವೂ ನಿಲ್ಲಲಿಲ್ಲ. ಖರ್ಚು ಆ ಮನೆಯವರದು, ಮಾತು ನನ್ನದು.

ಆಹಾರದಲ್ಲೂ ಇದೇ ಸೀಮಾಂತ ಲೆಕ್ಕ ಹಾಕಿ. ಒಂದು ಕೆ.ಜಿ. ಹೆಚ್ಚಿಗೆ ಹಾಕಿದಾಗ ಒಂದು ಲೀಟರ್ ಹೆಚ್ಚಿದರೆ 28 ಕೊಟ್ಟು 38 ಪಡೆದಿರಿ. ಮುಂದಿನ ಕೆ.ಜಿ.ಗೆ ಕಾಲು ಲೀಟರ್ ಮಾತ್ರ ಹೆಚ್ಚಿದರೆ 28 ಕೊಟ್ಟು ಒಂಬತ್ತೂವರೆ ಪಡೆದಿರಿ, ಜೊತೆಗೆ ಹಸುವಿಗೆ ಹೊಟ್ಟೆ ಹುಳಿಯಾಗುವ ಅಪಾಯ.

ಸಾಲದ ಬಡ್ಡಿಯೂ ನಮ್ಮ ಕೈಲಿಲ್ಲ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ದರವನ್ನು ಶೇ. 6.5ರಿಂದ 5.5ಕ್ಕೆ ಇಳಿಸಿತು. ನಿಮ್ಮ ಸಾಲ ಬದಲಾಗುವ ಬಡ್ಡಿಯದೋ ಸ್ಥಿರ ಬಡ್ಡಿಯದೋ ಎಂದು ಬ್ಯಾಂಕಿನಲ್ಲಿ ಕೇಳಿ. ಬದಲಾಗುವಂಥದ್ದಾದರೆ ಇಳಿಕೆ ನಿಮಗೂ ಬಂದಿದೆಯೇ ಎಂದು ವಿಚಾರಿಸಿ.

ಆ ಅಕ್ಕ ಮೂರನೇ ಹಸು ಕಟ್ಟಲಿಲ್ಲ. ಬೋರ್‌ವೆಲ್ ನೀರು ಹರಿಯುವ ಬದುವಿನುದ್ದಕ್ಕೂ ನೇಪಿಯರ್ ಕಡ್ಡಿ ನೆಟ್ಟಿದ್ದಾರೆ, ಮನೆಯ ಹೆಣ್ಣುಕರುವನ್ನೇ ಚೆನ್ನಾಗಿ ಸಾಕುತ್ತಿದ್ದಾರೆ. ಮೊನ್ನೆ ಹೋದಾಗ ಹುಲ್ಲು ಮೊಣಕಾಲುದ್ದ ಬಂದಿತ್ತು. "ಮೇವು ಸಾಕಾಗ್ಲಿ ಡಾಕ್ಟ್ರಮ್ಮ, ಆಮ್ಯಾಲೆ ಇನ್ನೊಂದ್ ಸಲ ಲೆಕ್ಕ ಹಾಕೋಣ" ಎಂದರು. ಅವರ ಕೈಯಲ್ಲಿ ಮಗಳ ಹಳೇ ನೋಟ್‌ಬುಕ್ ಇತ್ತು. ಪ್ರತಿ ಬಟವಾಡೆಯ ಮುಂದೆ ಮೂಟೆಗೆ ಎಷ್ಟು ಲೀಟರ್ ಎಂದು ಬರೆದಿದ್ದರು.