ಒಂದೇ ಕೇಸು, ಎರಡು ತೀರ್ಪು: ಮಾನಸಿಕ ಅಸ್ವಸ್ಥತೆಯ ವಾದವನ್ನು ಜ್ಯೂರಿ ಹೇಗೆ ತೂಗುತ್ತೆ?

ಲ್ಯಾಬ್‌ನಲ್ಲಿ ಒಂದೇ ಸರ್ಕ್ಯೂಟಿಗೆ ಒಂದೇ ಇನ್‌ಪುಟ್ ಕೊಟ್ಟರೂ ಎರಡು ಸಲ ಬೇರೆ ಬೇರೆ ಔಟ್‌ಪುಟ್ ಬಂದರೆ ನಾವೇನು ಮಾಡ್ತೀವಿ? ಎಲ್ಲೋ ಲೂಸ್ ಕನೆಕ್ಷನ್ ಇದೆ ಅಂತ ಹುಡುಕೋಕೆ ಶುರು ಮಾಡ್ತೀವಿ. ಅಮೆರಿಕದ ಟೆಕ್ಸಾಸ್‌ನ ಒಂದು ಕೊಲೆ ಮೊಕದ್ದಮೆಯಲ್ಲಿ ಹೀಗೇ ಆಯಿತು. ಆರೋಪಿ ಅವಳೇ, ಘಟನೆ ಅದೇ, ಕಾನೂನೂ ಅದೇ. ಮೊದಲ ಜ್ಯೂರಿ ‘ಅಪರಾಧಿ’ ಅಂದಿತು. ನಾಲ್ಕು ವರ್ಷದ ನಂತರ ಇನ್ನೊಂದು ಜ್ಯೂರಿ ‘ಅಲ್ಲ’ ಅಂದಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ನೋಡೋಣ.

ಮೊದಲು ಕಾನೂನು

1843ರ ಜನವರಿಯಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ. ಆಡಳಿತ ಪಕ್ಷದವರು ತನ್ನ ಬೆನ್ನು ಬಿದ್ದಿದ್ದಾರೆ ಎಂಬ ಭ್ರಮೆ ಅವನಿಗಿತ್ತು. ಜ್ಯೂರಿ ಅವನನ್ನು ಖುಲಾಸೆ ಮಾಡಿದಾಗ ದೇಶದಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಆಗ ನ್ಯಾಯಾಧೀಶರು ಒಂದು ಅಳತೆಗೋಲು ಕೊಟ್ಟರು: ಕೃತ್ಯದ ಹೊತ್ತಿನಲ್ಲಿ ಮನಸ್ಸಿನ ಕಾಯಿಲೆಯಿಂದಾಗಿ ತಾನೇನು ಮಾಡುತ್ತಿದ್ದೇನೆ ಎಂಬುದೇ ತಿಳಿದಿರಬಾರದು, ಇಲ್ಲವೇ ಅದು ತಪ್ಪು ಎಂಬುದು ತಿಳಿದಿರಬಾರದು. ಅಂದ್ರೆ, ಕಾಯಿಲೆ ಇದ್ದರಷ್ಟೇ ಸಾಲದು. ಅದು ಆ ತಿಳಿವಳಿಕೆಯನ್ನೇ ಕಿತ್ತುಕೊಂಡಿರಬೇಕು. ನಮ್ಮ ಭಾರತೀಯ ದಂಡ ಸಂಹಿತೆಯ 84ನೇ ಕಲಂ ಬಂದಿದ್ದು ಇದೇ ವಿಚಾರದಿಂದ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ.

ಇನ್ನು ಆ ಕೇಸು

2001ರ ಜೂನ್ 20ರಂದು ಹ್ಯೂಸ್ಟನ್‌ನಲ್ಲಿ ಆಂಡ್ರಿಯಾ ಯೇಟ್ಸ್ ಎಂಬ ತಾಯಿ ತನ್ನ ಐದು ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ ಕೊಂದಳು. ಆಮೇಲೆ ತಾನೇ ಪೊಲೀಸರಿಗೆ ಫೋನ್ ಮಾಡಿದಳು. ಹೆರಿಗೆಯ ನಂತರ ಅವಳಿಗೆ ತೀವ್ರ ಮಾನಸಿಕ ಕಾಯಿಲೆ ಬಂದಿತ್ತು, ಆಸ್ಪತ್ರೆಗೂ ಸೇರಿಸಿದ್ದರು. ನಮ್ಮ ಕಡೆ ಹಳಬರು ‘ಬಾಣಂತಿ ಸನ್ನಿ’ ಅಂತಾರಲ್ಲ, ಆ ಗುಂಪಿನ ಕಾಯಿಲೆ.

ಕೋರ್ಟಿನಲ್ಲಿ ಕಾಯಿಲೆ ಇತ್ತೋ ಇಲ್ಲವೋ ಎಂಬ ಜಗಳ ಇರಲಿಲ್ಲ. ಅವಳಿಗೆ ಕಾಯಿಲೆ ಇದೆ ಅಂತ ಎರಡೂ ಕಡೆಯವರು ಒಪ್ಪಿದ್ದರು. ಜಗಳ ಇದ್ದದ್ದು ‘ತಪ್ಪು ಅಂತ ಗೊತ್ತಿತ್ತೇ?’ ಎಂಬ ಒಂದೇ ಪ್ರಶ್ನೆಗೆ. ಪೊಲೀಸರಿಗೆ ಫೋನ್ ಮಾಡಿದ್ದಾಳೆ ಅಂದಮೇಲೆ ಗೊತ್ತಿತ್ತು ಅಂತ ತಾನೇ ಅರ್ಥ ಎಂದಿತು ಪ್ರಾಸಿಕ್ಯೂಷನ್. ಮಕ್ಕಳನ್ನು ನರಕದಿಂದ ಉಳಿಸುತ್ತಿದ್ದೇನೆ ಅಂತ ಅವಳು ನಂಬಿದ್ದಳು, ಅವಳ ಲೋಕದಲ್ಲಿ ಅದೇ ಸರಿಯಾಗಿತ್ತು ಎಂದರು ಅವಳ ವಕೀಲರು. ಗಮನಿಸಿ: ಒಂದೇ ಫೋನ್ ಕರೆ ಎರಡು ಕಥೆಯಲ್ಲೂ ಹೊಂದಿಕೊಳ್ಳುತ್ತೆ.

2002ರಲ್ಲಿ ಅವಳಿಗೆ ಜೀವಾವಧಿ ಶಿಕ್ಷೆಯಾಯಿತು. 2005ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ರದ್ದು ಮಾಡಿತು. 2006ರ ಜುಲೈನಲ್ಲಿ ಎರಡನೇ ಜ್ಯೂರಿ ಖುಲಾಸೆ ಮಾಡಿತು. ಅವಳನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕಳಿಸಿದರು.

ನಡುವೆ ಬದಲಾದದ್ದೇನು?

ಒಂದು, ಸಾಕ್ಷ್ಯ. ಮೊದಲ ವಿಚಾರಣೆಯಲ್ಲಿ ಸರ್ಕಾರದ ಪರ ಬಂದ ಮನೋವೈದ್ಯರು, ತಾಯಿಯೊಬ್ಬಳು ಮಕ್ಕಳನ್ನು ಮುಳುಗಿಸಿ ಖುಲಾಸೆಯಾಗುವ ಟಿವಿ ಸೀರಿಯಲ್ ಕಂತೊಂದು ಸ್ವಲ್ಪ ಮುಂಚೆ ಪ್ರಸಾರವಾಗಿತ್ತು ಎಂದಿದ್ದರು. ಅಂಥ ಕಂತೇ ಇರಲಿಲ್ಲ. ಆದರೆ ‘ಟಿವಿ ನೋಡಿ ಪ್ಲಾನ್ ಮಾಡಿದಳು’ ಎಂಬ ಕಥೆಗೆ ಅದು ಸಾಕಾಗಿತ್ತು. ಶಿಕ್ಷೆ ರದ್ದಾದದ್ದು ಈ ಕಾರಣಕ್ಕೇ.

ಎರಡು, ಜ್ಯೂರಿಯ ಆಯ್ಕೆ. ಮೊದಲ ಸಲ ಮರಣದಂಡನೆಯ ಸಾಧ್ಯತೆ ಇತ್ತು. ಅಂಥ ಕೇಸಿನಲ್ಲಿ, ಎಂದಿಗೂ ಗಲ್ಲಿಗೆ ಮತ ಹಾಕೋದಿಲ್ಲ ಅನ್ನುವವರನ್ನು ಆರಂಭದಲ್ಲೇ ಕೈಬಿಡುತ್ತಾರೆ. ಹೀಗೆ ಸೋಸಿ ಉಳಿದವರು ಮಾನಸಿಕ ಅಸ್ವಸ್ಥತೆಯ ವಾದವನ್ನು ಹೆಚ್ಚು ಅನುಮಾನಿಸುತ್ತಾರೆ ಅಂತ 1984ರ ಸಂಶೋಧನೆಯೊಂದು ತೋರಿಸಿತು. ಎರಡನೇ ಸಲ ಮರಣದಂಡನೆಯ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಆ ಜರಡಿಯೂ ಇರಲಿಲ್ಲ.

ತೀರ್ಪು ಬದಲಾಗಿದ್ದು ಇವೆರಡರಿಂದಲೇ ಅಂತ ಖಚಿತವಾಗಿ ಹೇಳೋಕಾಗಲ್ಲ. ಜ್ಯೂರಿ ತೀರ್ಪಿಗೆ ಕಾರಣ ಬರೆದು ಕೊಡೋದಿಲ್ಲ. ಹಾಗಾಗಿಯೇ ಸಂಶೋಧಕರು ಕೃತಕ ವಿಚಾರಣೆಗಳ ದಾರಿ ಹಿಡಿದರು.

ಪ್ರಯೋಗಗಳು ಹೇಳಿದ್ದು

ರೀಟಾ ಜೇಮ್ಸ್ ಸೈಮನ್ ಎಂಬ ಸಮಾಜಶಾಸ್ತ್ರಜ್ಞೆ ಜ್ಯೂರಿ ಪಟ್ಟಿಯಿಂದಲೇ ಜನರನ್ನು ಕರೆಸಿ, ಧ್ವನಿಮುದ್ರಿತ ವಿಚಾರಣೆ ಕೇಳಿಸಿ, ಅವರ ಚರ್ಚೆಯನ್ನು ಅಧ್ಯಯನ ಮಾಡಿದರು. ಅವರ ಪುಸ್ತಕ 1967ರಲ್ಲಿ ಬಂತು. ಆಮೇಲೆ ಮನಶ್ಶಾಸ್ತ್ರಜ್ಞ ನಾರ್ಮನ್ ಫಿಂಕಲ್ ಒಂದೇ ಕೇಸನ್ನು ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಕಾನೂನು ವ್ಯಾಖ್ಯೆಯೊಂದಿಗೆ ಕೊಟ್ಟು ನೋಡಿದರು. ವ್ಯಾಖ್ಯೆ ಬದಲಾದರೂ ತೀರ್ಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕಾರಣ ಕೇಳಿದಾಗ ಜನ ಕಾನೂನಿನಲ್ಲಿ ಇಲ್ಲದ ವಿಷಯಗಳನ್ನೂ ಹೇಳಿದರು: ಉದ್ದೇಶ ಏನಿತ್ತು? ಯೋಚನೆ ಸ್ಪಷ್ಟವಾಗಿತ್ತೇ? ಕಾಯಿಲೆ ಈ ಮಟ್ಟಕ್ಕೆ ಬರೋಕೆ ಆತನೇ ಕಾರಣನೇ? ಅಂದ್ರೆ, ‘ಹುಚ್ಚು ಅಂದರೆ ಹೀಗಿರುತ್ತೆ’ ಎಂಬ ಚಿತ್ರ ಮನೆಯಿಂದಲೇ ಬಂದಿರುತ್ತೆ. ಆರೋಪಿಯನ್ನು ಅದಕ್ಕೇ ಹೋಲಿಸಿ ನೋಡ್ತಾರೆ.

ಆ ಚಿತ್ರದ ಜೊತೆ ಒಂದು ಭಯವೂ ಬರುತ್ತೆ: ಬಿಟ್ಟರೆ ನಾಳೆ ಬೀದಿಗೆ ಬರ್ತಾನೆ ಅಂತ. ಅಧ್ಯಕ್ಷ ರೇಗನ್‌ಗೆ 1981ರಲ್ಲಿ ಗುಂಡು ಹೊಡೆದ ಜಾನ್ ಹಿಂಕ್ಲಿ 1982ರಲ್ಲಿ ಖುಲಾಸೆಯಾದಾಗ ಜನ ಸಿಟ್ಟಾದರು. ಸರಿಯಾದ ಮನಃಸ್ಥಿತಿ ಇತ್ತು ಅಂತ ಸಾಬೀತು ಮಾಡುವ ಹೊಣೆ ಆಗ ಪ್ರಾಸಿಕ್ಯೂಷನ್ ಮೇಲಿತ್ತು. 1984ರ ಕೇಂದ್ರ ಕಾನೂನು ಹೊಣೆಯನ್ನು ಆರೋಪಿಗೆ ದಾಟಿಸಿತು. ಆದರೆ ಹಿಂಕ್ಲಿ ಆಸ್ಪತ್ರೆ ಬಿಟ್ಟು ಮನೆಯಲ್ಲಿ ನೆಲೆಸಿದ್ದು 2016ರಲ್ಲಿ! ಇನ್ನು, ಎಂಟು ರಾಜ್ಯಗಳ ಒಂದು ಅಧ್ಯಯನದ ಪ್ರಕಾರ ಗಂಭೀರ ಅಪರಾಧಗಳಲ್ಲಿ ಈ ವಾದ ಎತ್ತುವುದೇ ಸುಮಾರು 1%. ಅದರಲ್ಲಿ ಗೆಲ್ಲುವುದು ಕಾಲುಭಾಗ. ಆದರೂ ಟೆಕ್ಸಾಸ್‌ನಲ್ಲಿ, ಖುಲಾಸೆಯಾದರೆ ಆರೋಪಿಗೆ ಏನಾಗುತ್ತೆ ಅಂತ ಜ್ಯೂರಿಗೆ ಹೇಳುವಂತಿಲ್ಲ. ಗೊತ್ತಿಲ್ಲದ ಜಾಗವನ್ನು ಭಯ ತುಂಬುತ್ತೆ.

ಲೂಸ್ ಕನೆಕ್ಷನ್ ಇರೋದು ಇಲ್ಲೇ, ಕಾನೂನಿನ ಪದಕ್ಕೂ ತಲೆಯೊಳಗಿನ ಚಿತ್ರಕ್ಕೂ ನಡುವೆ. ನಮ್ಮಲ್ಲಿ ಕ್ರಿಮಿನಲ್ ಕೇಸುಗಳಿಗೆ ಈಗ ಜ್ಯೂರಿ ಇಲ್ಲ; 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ನ್ಯಾಯಾಧೀಶರು ಕಾರಣ ಬರೆಯಬೇಕು, ಅದನ್ನು ಮೇಲಿನ ಕೋರ್ಟು ಪರೀಕ್ಷಿಸಬಹುದು. ಆದರೆ ಪೇಪರ್ ಓದುತ್ತಾ, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡುತ್ತಾ ನಾವೆಲ್ಲ ದಿನಾ ಜ್ಯೂರಿಯೇ. ‘ಹುಚ್ಚನ ನಾಟಕ’ ಅಂತ ಕಾಮೆಂಟ್ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಆ ಹೊತ್ತಿನಲ್ಲಿ ಆ ವ್ಯಕ್ತಿಗೆ ಏನು ತಿಳಿದಿತ್ತು? ಅದಕ್ಕೆ ಸಾಕ್ಷ್ಯ ಏನು? ಇದನ್ನು ಹೇಳ್ತಿರೋದು ಆ ಸಾಕ್ಷ್ಯವೋ, ನಮ್ಮ ತಲೆಯಲ್ಲಿ ಮೊದಲೇ ಇದ್ದ ಚಿತ್ರವೋ?