ಒಂದೇ ಗಣಕಯಂತ್ರ, ಎರಡು ಕಾರ್ಯವ್ಯವಸ್ಥೆ: ಲೆಕ್ಕದ ಕಡತಗಳ ಜೋಪಾನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಯಲಹಂಕದ ಮಗ್ಗದ ಘಟಕವಾಗಲಿ, ಯಶವಂತಪುರದ ಮಂಡಿಯಾಗಲಿ, ಹಳೆಯ ಗಣಕಯಂತ್ರವನ್ನು ಬಿಡಲೊಲ್ಲದ ವರ್ತಕ ಬಂಧುಗಳು ಅಂತರಜಾಲದ ಕೆಲಸಕ್ಕೆ ಲಿನಕ್ಸ್ ಅಳವಡಿಸಿ, ಟ್ಯಾಲಿಗಾಗಿ ವಿಂಡೋಸನ್ನು ಉಳಿಸಿಕೊಳ್ಳಬಹುದು. ಆದರೆ ಎರಡೂ ಕಡೆಯಿಂದ ಬಳಸುವ ಕಡತಗಳ ವಿಷಯದಲ್ಲಿ ಎಚ್ಚರ ಅಗತ್ಯ.

ಇಂತಹ ಕಡತಗಳಿಗೆ ಎನ್‌ಟಿಎಫ್‌ಎಸ್ ಮಾದರಿಯ ಪ್ರತ್ಯೇಕ ವಿಭಾಗವಿರಲಿ. ಎಫ್‌ಎಟಿ32ರಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಸದು.

ನಷ್ಟ ಸಂಭವಿಸುವುದು ಬೇರೆಡೆ. 2012ರ ವಿಂಡೋಸ್ 8ರೊಡನೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವಿದ್ದಲ್ಲಿ, ‘ಷಟ್ ಡೌನ್’ ಒತ್ತಿದರೂ ವ್ಯವಸ್ಥೆಯ ತಿರುಳು ಡಿಸ್ಕಿನಲ್ಲಿ ಅರೆನಿದ್ರೆಯಲ್ಲಿರುತ್ತದೆ. ವಿಭಾಗವು ಪೂರ್ತಿಯಾಗಿ ಮುಚ್ಚಿರುವುದಿಲ್ಲ. ಆಗ ಲಿನಕ್ಸ್ ಸಾಮಾನ್ಯವಾಗಿ ಓದಲಷ್ಟೇ ಅವಕಾಶ ಕೊಡುತ್ತದೆ. ಒತ್ತಾಯದಿಂದ ಬರೆದಲ್ಲಿ, ಮರಳಿ ಎದ್ದ ವಿಂಡೋಸ್ ತನ್ನ ಹಳೆಯ ನೆನಪಿನಂತೆಯೇ ಮುಂದುವರಿದು ವರ್ಷದ ಲೆಕ್ಕವೇ ಕೆಡಬಹುದು. ಆದುದರಿಂದ ಪವರ್ ಆಯ್ಕೆಗಳಲ್ಲಿ ಈ ಸೌಲಭ್ಯವನ್ನು ನಿಲ್ಲಿಸುವುದೇ ಮೊದಲ ಕೆಲಸ. ಅಲ್ಲಿಯವರೆಗೆ ‘ರೀಸ್ಟಾರ್ಟ್’ ಮೂಲಕವೇ ಲಿನಕ್ಸಿಗೆ ಹೋಗತಕ್ಕದ್ದು. ಹೇಗಿದ್ದರೂ ಟ್ಯಾಲಿಯ ದತ್ತಾಂಶವನ್ನು ಲಿನಕ್ಸಿನಿಂದ ನಕಲಿಸಿಕೊಳ್ಳಿರಿ, ತಿದ್ದಲು ಹೋಗಬೇಡಿರಿ.

ಕನ್ನಡ ಪತ್ರಗಳದು ಮತ್ತೊಂದು ತೊಡಕು. ನುಡಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ದರಪಟ್ಟಿಯು ಆ ಫಾಂಟ್ ಇಲ್ಲದ ಲಿನಕ್ಸಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತದೆ. ಕಡತ ಹಾಳಾಯಿತೆಂದು ಅಳಿಸಿಬಿಡುವವರುಂಟು! ವಾಸ್ತವವಾಗಿ ಅದು ಕೆಟ್ಟಿರುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿದಲ್ಲಿ ಎರಡೂ ಕಡೆ ಓದಬಹುದು.

ಕಡತದ ಹೆಸರಿನಲ್ಲಿ ಗಂಟೆ-ನಿಮಿಷಗಳ ನಡುವೆ ಕೋಲನ್ ಚಿಹ್ನೆ ಹಾಕಬಾರದು. ಲಿನಕ್ಸ್ ಅದನ್ನು ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ.